ಹಾಜರಿಯ ವಿಚಾರ

ಮೂವತ್ತಮೂರು ವರ್ಷಗಳ ಕಾಲ ದಿನವೂ ಬೆಳಗ್ಗೆ ನಾನು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಹೆಸರು ಕೂಗುವುದು. ಹಾಜರಿ ಪುಸ್ತಕವನ್ನು ಬಿಚ್ಚಿ, ಕನ್ನಡಕವನ್ನು ಏರಿಸಿಕೊಂಡು, ಒಂದೊಂದು ಹೆಸರಿಗೂ "ಬಂದಿದ್ದೇನೆ ಸಾರ್" ಎಂಬ ಉತ್ತರವನ್ನು ಕೇಳಿ ಗೀಟು ಎಳೆಯುತ್ತಿದ್ದೆ. ಆ ಗೀಟು ಬಿದ್ದಿತೆಂದರೆ ಹುಡುಗನು ಶಾಲೆಯಲ್ಲಿದ್ದಾನೆಂದು ಸರ್ಕಾರವೂ ನಂಬುತ್ತಿತ್ತು, ತಂದೆತಾಯಿಗಳೂ ನಂಬುತ್ತಿದ್ದರು, ನಾನೂ ನಂಬಿದ್ದೆ. ೨೦೨೪ನೆಯ ಇಸವಿ ಮೇ ತಿಂಗಳ ಕೊನೆಯಲ್ಲಿ ನನಗೆ ನಿವೃತ್ತಿಯಾಯಿತು. ಅದಾದ ನಾಲ್ಕು ತಿಂಗಳೊಳಗೆ ಆ ನಂಬಿಕೆ ಸಡಿಲವಾಯಿತು. ಸಡಿಲಗೊಳಿಸಿದವಳು ನನ್ನ ಸೊಸೆ. ಆ ಪ್ರಸಂಗವು ಒಂದು ಮನೆಗೆ ಸಂಬಂಧಪಟ್ಟುದಾದರೂ, ಈಗ ಅನೇಕ ಮನೆಗಳಲ್ಲಿ ನಡೆಯುತ್ತಿರುವುದರಿಂದ ವಾಚಕರ ಮುಂದೆ ಇಡುವುದು ತಪ್ಪಾಗಲಾರದೆಂದು ಭಾವಿಸಿ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಓದಿನ ವಿಚಾರವನ್ನು ಹೇಳಿಬಿಡುತ್ತೇನೆ. ಬಾಲ್ಯದಲ್ಲಿ ಗುರುಗಳ ಎದುರಿಗೆ ಚಾಪೆಯ ಮೇಲೆ ಕುಳಿತು ಸಂಸ್ಕೃತವನ್ನು ಕಲಿತವನು ನಾನು. ಪಾಠವನ್ನು ಒಪ್ಪಿಸದೆ ಏಳುವ ಹಾಗಿರಲಿಲ್ಲ. ಮುಂದೆ ಉಪಾಧ್ಯಾಯನಾಗಿ, ಸಂಸಾರಿಯಾಗಿ, ಸಂಬಳ ಸ್ವಲ್ಪ ಹೆಚ್ಚಲೆಂಬ ಆಸೆಯಿಂದ ಎಂ.ಎ. ಪರೀಕ್ಷೆಗೆ ಕಟ್ಟಿದಾಗ ಮಾತ್ರ ನಾನು ಹಿಡಿದದ್ದು ಅಂಚೆ ಮತ್ತು ತೆರಪಿನ ಶಿಕ್ಷಣದ ದಾರಿ. ಪಾಠಗಳು ಕಂದು ಕಾಗದದ ಕಟ್ಟಿನಲ್ಲಿ ಅಂಚೆಯವನ ಕೈಯಲ್ಲಿ ಬರುತ್ತಿದ್ದುವು. ಮೊದಲನೆಯ ಕಟ್ಟನ್ನು ಭಕ್ತಿಯಿಂದ ಬಿಚ್ಚಿದೆ. ಎರಡನೆಯದನ್ನು ಬಿಚ್ಚಿ ನೋಡಿ ಮಡಿಸಿಟ್ಟೆ. ಮೂರನೆಯದನ್ನು ಬಿಚ್ಚದೆ ಬೀರುವಿನ ಮೇಲೆ ಹಾಕಿದೆ. ನಡುವೆ ಕೆಲವು ದಿನ ಸಂಪರ್ಕ ತರಗತಿಗೆ ಹೋಗಿ ಬಂದದ್ದುಂಟು. ಉಳಿದಂತೆ ವರ್ಷವೆಲ್ಲ ನಾನು ಓದುತ್ತಿರುವೆನೋ ಇಲ್ಲವೋ ಎಂದು ಕೇಳಿದವರು ಒಬ್ಬರೂ ಇಲ್ಲ. ಪರೀಕ್ಷೆಗೆ ಮೂರು ತಿಂಗಳು ಇದೆಯೆನ್ನುವಾಗ ಕಟ್ಟುಗಳ ಧೂಳು ಕೊಡವಿ, ರಾತ್ರಿ ಎಚ್ಚರವಿದ್ದು ಓದಿ ತೇರ್ಗಡೆಯಾದೆ. ದೂರದಿಂದ ಕಲಿಯುವುದೆಂದರೆ ಇಷ್ಟೆ ಎಂಬುದೇ ನನ್ನ ತಿಳಿವಳಿಕೆಯಾಗಿದ್ದಿತು.

ದೂರದ ವಿದ್ಯೆಗೆ ಹಳೆಯ ಚರಿತ್ರೆಯೇ ಇದೆ. ಇಂಗ್ಲೆಂಡಿನಲ್ಲಿ ಐಸಾಕ್ ಪಿಟ್ಮನ್ ಎಂಬಾತನು ೧೮೪೦ರಲ್ಲಿ, ಒಂದು ಪೆನ್ನಿಯ ಅಂಚೆ ಆರಂಭವಾದ ವರ್ಷವೇ, ಅಂಚೆಯ ಮೂಲಕ ಶೀಘ್ರಲಿಪಿಯನ್ನು ಕಲಿಸತೊಡಗಿದನು. ಶಿಷ್ಯರು ಬರೆದು ಕಳುಹಿಸಿದ್ದನ್ನು ತಿದ್ದಿ ಹಿಂದಕ್ಕೆ ಕಳುಹಿಸುತ್ತಿದ್ದನು. ೧೮೫೮ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ಎಲ್ಲಿಯೇ ಓದಿದವರಾಗಲಿ ಬಂದು ಪರೀಕ್ಷೆಗೆ ಕುಳಿತುಕೊಳ್ಳಬಹುದೆಂದು ಬಾಗಿಲು ತೆರೆಯಿತು. ನಮ್ಮ ದೇಶದಲ್ಲಿ ೧೯೬೨ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವೂ, ೧೯೬೯ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅಂಚೆಯ ಶಿಕ್ಷಣವನ್ನು ಆರಂಭಿಸಿದುವು. ೧೯೮೫ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ, ೧೯೯೬ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಹುಟ್ಟಿದುವು. ಈ ಚರಿತ್ರೆಯನ್ನು ನೋಡಿದರೆ ಮೊದಲಿನಿಂದಲೂ ಎರಡು ದಾರಿಗಳಿದ್ದುವೆಂದು ತೋರುತ್ತದೆ. ಕಾಗದ ಹೋಗಿ, ತಿದ್ದಿದ ಕಾಗದ ಬರುವುದು ಪಿಟ್ಮನ್ನನ ದಾರಿ. ಕೊನೆಯಲ್ಲಿ ಬಂದು ಪರೀಕ್ಷೆ ಬರೆಯುವುದು ಇನ್ನೊಂದು. ನಾನು ನಡೆದದ್ದು ಎರಡನೆಯದರಲ್ಲಿ. ನನ್ನ ಸೊಸೆ ನಡೆಯಬೇಕಾಗಿ ಬಂದದ್ದು ಮೊದಲನೆಯದರಲ್ಲಿ, ಅದೂ ಓಡುತ್ತ.

ನನ್ನ ಮಗನು ಅಮೆರಿಕೆಯ ಟೆಕ್ಸಸ್ ಸಂಸ್ಥಾನದಲ್ಲಿ, ಡಲ್ಲಾಸ್ ನಗರಕ್ಕೆ ಸಮೀಪದಲ್ಲಿ ಕೆಲಸದಲ್ಲಿದ್ದಾನೆ. ನಿವೃತ್ತಿಯಾದ ವರ್ಷದ ಆಗಸ್ಟಿನಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋದೆವು. ಸೊಸೆಯು ಒಂದು ಶಾಲೆಯಲ್ಲಿ ಉಪಾಧ್ಯಾಯಿನಿಗೆ ಸಹಾಯಕಿಯಾಗಿ ಹಗಲೆಲ್ಲ ಕೆಲಸ ಮಾಡುತ್ತಿದ್ದಳು. ನಾಲ್ಕು ವರ್ಷದ ಮೊಮ್ಮಗನಿದ್ದ. ಇವುಗಳ ಜೊತೆಗೆ ಅವಳು ಆ ತಿಂಗಳ ಕೊನೆಯಲ್ಲಿ ಒಂದು ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣಶಾಸ್ತ್ರದ ಎಂ.ಎಡ್. ವ್ಯಾಸಂಗಕ್ಕೆ ಸೇರಿದಳು. ಎಲ್ಲವೂ ಮನೆಯಿಂದಲೇ, ಕಂಪ್ಯೂಟರಿನ ಮೂಲಕವೇ. ಹದಿನೈದು ವಾರಗಳಲ್ಲಿ ಕಲಿಸಬೇಕಾದುದನ್ನು ಎಂಟೇ ವಾರಗಳಲ್ಲಿ ಕಲಿಸಿ ಮುಗಿಸುವ ಪದ್ಧತಿ ಅದು. ಒಂದೇ ಸಲಕ್ಕೆ ಎರಡು ವಿಷಯಗಳನ್ನು ತೆಗೆದುಕೊಂಡಳು. "ಬೇಗ ಮುಗಿಯುತ್ತದೆ ಮಾವ, ಮುಗಿದರೆ ನನಗೇ ಒಂದು ತರಗತಿ ಕೊಡುವ ಸಂಭವ ಉಂಟು" ಎಂದಳು. ನನಗೂ ಸಂತೋಷವಾಯಿತು. ಮನೆಯಲ್ಲಿ ಕುಳಿತು ಓದುವುದೆಂದರೆ ಸುಖವಲ್ಲವೆ ಎಂದುಕೊಂಡೆ.

ಕೆಲಸದ ಕ್ರಮ ಹೀಗಿದ್ದಿತು. ಸೋಮವಾರ ಬೆಳಗ್ಗೆ ಆ ವಾರದ ಪಾಠ ತೆರೆಯುತ್ತದೆ. ಬುಧವಾರದೊಳಗೆ ಉಪಾಧ್ಯಾಯಿನಿಯು ಕೊಟ್ಟ ಪ್ರಶ್ನೆಗೆ ಒಂದು ಪುಟದಷ್ಟು ಉತ್ತರವನ್ನು ಬರೆದು, ತರಗತಿಯ ಎಲ್ಲರೂ ಓದುವಂತೆ ಹಾಕಬೇಕು. ಭಾನುವಾರ ರಾತ್ರಿ ಹನ್ನೆರಡಕ್ಕೆ ಒಂದು ನಿಮಿಷವಿರುವುದರೊಳಗೆ ಸಹಪಾಠಿಗಳಲ್ಲಿ ಇಬ್ಬರ ಬರಹವನ್ನಾದರೂ ಓದಿ, ಅದಕ್ಕೆ ಪ್ರತ್ಯುತ್ತರವನ್ನು ಬರೆಯಬೇಕು. ಇದಲ್ಲದೆ ವಾರಕ್ಕೊಂದು ಕಿರುಪರೀಕ್ಷೆ, ಎರಡು ವಾರಕ್ಕೊಂದು ಪ್ರಬಂಧ. ಗಡುವು ಮೀರಿದ ಪ್ರತ್ಯುತ್ತರಕ್ಕೆ ಅಂಕಗಳಿಲ್ಲ; ಏಕೆಂದರೆ ಸಭೆ ಎದ್ದುಹೋದ ಮೇಲೆ ಬಂದು ಮಾತನಾಡುವುದರಿಂದ ಯಾರಿಗೂ ಪ್ರಯೋಜನವಿಲ್ಲವೆಂದು ಅವರ ವಾದ.

ಮೊದಲನೆಯ ವಾರ ಹೇಗೋ ಕಳೆಯಿತು. ಎರಡನೆಯ ವಾರದಲ್ಲಿ ಗೌರಿಯೂ ಗಣೇಶನೂ ಬಂದರು. ಹಿರಿಯರು ಮನೆಯಲ್ಲಿದ್ದೇವೆಂದು ಆ ಸಲ ಹಬ್ಬ ವಿಶೇಷವಾಗಿ ನಡೆಯಿತು. ಸೊಸೆಯು ಶುಕ್ರವಾರ ರಜೆ ಹಾಕಿ ಮೊರದ ಬಾಗಿನಗಳನ್ನು ಸಿದ್ಧಪಡಿಸಿದಳು. ಶನಿವಾರ ಕಡುಬು, ಮೋದಕ, ಊಟಕ್ಕೆ ಹನ್ನೆರಡು ಜನ. ಭಾನುವಾರ ನಾವೆಲ್ಲ ದೇವಸ್ಥಾನಕ್ಕೆ ಹೋಗಿ ಸಂಜೆ ತಡವಾಗಿ ಹಿಂದಿರುಗಿದೆವು. ನಡುನಡುವೆ ಅವಳು ಕಂಪ್ಯೂಟರನ್ನು ತೆರೆದು ನೋಡುವುದು, ಯಾರಾದರೂ ಕರೆದರೆ ಮುಚ್ಚಿ ಏಳುವುದು, ಇದನ್ನು ನಾನೂ ನೋಡಿದ್ದೆ. ಕರೆದವರಲ್ಲಿ ನಾನೂ ಒಬ್ಬ. ಕಾಫಿ ಕೇಳಿದ್ದೆ.

ಸೋಮವಾರ ಸಂಜೆ ಅವಳು ಅಡಿಗೆಮನೆಯಲ್ಲಿ ನಲ್ಲಿಯನ್ನು ಬಿಟ್ಟುಕೊಂಡು ಪಾತ್ರೆಯನ್ನು ತೊಳೆಯದೆ ಸುಮ್ಮನೆ ನಿಂತಿದ್ದಳು. "ಏನಮ್ಮಾ?" ಎಂದು ಕೇಳಿದೆ. ಮಾತನಾಡಲಿಲ್ಲ, ಕೈಯನ್ನು ಒರಸಿಕೊಂಡು ಫೋನಿನಲ್ಲಿ ಬಂದಿದ್ದ ಕಾಗದವನ್ನು ತೋರಿಸಿದಳು. ಒಂದು ವಿಷಯದ ಉಪಾಧ್ಯಾಯಿನಿ ಬರೆದಿದ್ದಳು. ಅದರ ತಾತ್ಪರ್ಯ ಇಷ್ಟು: ಕಳೆದ ವಾರದಲ್ಲಿ ನೀವು ಹನ್ನೊಂದು ಸಲ ತರಗತಿಯನ್ನು ಪ್ರವೇಶಿಸಿರುವುದು ಕಾಣುತ್ತದೆ, ಆದರೆ ಏನನ್ನೂ ಬರೆದಿಲ್ಲ, ಯಾರಿಗೂ ಉತ್ತರಿಸಿಲ್ಲ, ಕಿರುಪರೀಕ್ಷೆಯನ್ನು ತೆಗೆದುಕೊಂಡಿಲ್ಲ, ಪ್ರವೇಶಿಸಿದ ಮಾತ್ರದಿಂದ ಭಾಗವಹಿಸಿದಂತಾಗುವುದಿಲ್ಲ, ಈ ವಾರವೂ ಹೀಗೆಯೇ ಆದರೆ ನಿಮ್ಮ ಹೆಸರನ್ನು ತೆಗೆಯಬೇಕಾಗುತ್ತದೆ, ತೊಂದರೆಯೇನಾದರೂ ಇದ್ದರೆ ದಯವಿಟ್ಟು ತಿಳಿಸಿ.

ನನಗೆ ಕೋಪ ಬಂದಿತು. ಹನ್ನೊಂದು ಸಲ ಹೋಗಿ ಬಾಗಿಲಲ್ಲಿ ನಿಂತವಳನ್ನು ಬರಲಿಲ್ಲವೆನ್ನುವುದು ಯಾವ ನ್ಯಾಯ? ನನ್ನ ಹಾಜರಿ ಪುಸ್ತಕದಲ್ಲಾಗಿದ್ದರೆ ಹನ್ನೊಂದು ಗೀಟು ಬಿದ್ದಿರುತ್ತಿದ್ದುವು. ಹಾಗೆಂದು ಅಂದೇಬಿಟ್ಟೆ. ಸೊಸೆಯು ತಲೆಯಾಡಿಸಿ, "ಅವರು ಹೇಳಿದ್ದು ಸರಿ, ಮಾವ. ನಾನು ಅಲ್ಲಿರಲಿಲ್ಲ" ಎಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ರಾತ್ರಿ ಮಗನನ್ನು ಕೂರಿಸಿಕೊಂಡು ಅಲ್ಲಿಯ ನಿಯಮಗಳನ್ನು ಓದಿಸಿ ಕೇಳಿದೆ. ಆ ದೇಶದಲ್ಲಿ ಅನೇಕ ವಿದ್ಯಾರ್ಥಿಗಳು ಕೇಂದ್ರ ಸರ್ಕಾರದಿಂದ ಸಾಲವನ್ನೋ ಸಹಾಯಧನವನ್ನೋ ಪಡೆದು ಓದುತ್ತಾರೆ. ವಿದ್ಯಾರ್ಥಿಯು ನಡುವೆ ಓದನ್ನು ಬಿಟ್ಟರೆ ಆ ಹಣದಲ್ಲಿ ಒಂದು ಭಾಗವನ್ನು ಸರ್ಕಾರಕ್ಕೆ ಹಿಂದಿರುಗಿಸಬೇಕಾಗುತ್ತದೆ. ಆದುದರಿಂದ ಯಾರು ನಿಜವಾಗಿ ಓದುತ್ತಿದ್ದಾರೆ, ಯಾರು ಬಿಟ್ಟಿದ್ದಾರೆ ಎಂಬುದನ್ನು ತಿಳಿಯುವುದು ವಿದ್ಯಾಸಂಸ್ಥೆಗೆ ಅವಶ್ಯಕ. ಇದಕ್ಕಾಗಿ ಮಾಡಿದ ನಿಯಮವೊಂದು ೨೦೨೧ನೆಯ ಇಸವಿ ಜುಲೈ ೧ರಿಂದ ಜಾರಿಯಲ್ಲಿದೆ. ಪಾಠ ನಡೆಯುವ ಹೊತ್ತಿನಲ್ಲಿ ಪ್ರಶ್ನೋತ್ತರಕ್ಕೆ ಅವಕಾಶವಿರುವಂತೆ ಪಾಲ್ಗೊಳ್ಳುವುದು, ಕೊಟ್ಟ ಕೆಲಸವನ್ನು ಬರೆದೊಪ್ಪಿಸುವುದು, ಪರೀಕ್ಷೆಗೆ ಕುಳಿತುಕೊಳ್ಳುವುದು, ಪಾಠದ ವಿಷಯವಾಗಿ ಚರ್ಚೆಯಲ್ಲಿ ಮಾತನಾಡುವುದು, ಇವೇ ಮೊದಲಾದುವು ವಿದ್ಯಾಭ್ಯಾಸದಲ್ಲಿ ತೊಡಗಿದ್ದಕ್ಕೆ ಲಕ್ಷಣಗಳು. ಕೇವಲ ಪ್ರವೇಶಿಸಿ ನೋಡಿ ಬರುವುದು ಲಕ್ಷಣವಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಕಟ್ಟುಪಾಡು ಶಿಷ್ಯನಿಗೆ ಮಾತ್ರವಲ್ಲ. ಗುರುವಾದವನೂ ತಪ್ಪದೆ ಪಾಠ ಹೇಳುವುದು, ಬರೆದುದನ್ನು ನೋಡಿ ಅಭಿಪ್ರಾಯ ಕೊಡುವುದು, ಪ್ರಶ್ನೆಗೆ ಉತ್ತರಿಸುವುದು, ಚರ್ಚೆಯನ್ನು ನಡೆಸುವುದು ಇಂಥವುಗಳಲ್ಲಿ ಎರಡನ್ನಾದರೂ ಮಾಡಬೇಕು. ಶಿಷ್ಯನು ಹಿಂದೆ ಬಿದ್ದರೆ ತಾನಾಗಿ ವಿಚಾರಿಸಬೇಕು. ಇಲ್ಲದಿದ್ದರೆ ಅದು ದೂರಶಿಕ್ಷಣವಲ್ಲ, ಬರಿಯ ಅಂಚೆಯ ಪಾಠವೆಂದು ಅವರು ಬೇರೆ ಮಾಡುತ್ತಾರೆ. ನನ್ನ ಎಂ.ಎ. ಯಾವ ಪಂಕ್ತಿಯಲ್ಲಿ ಕುಳಿತಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೊಂದು ಲೆಕ್ಕವೂ ಅಂದು ತಿಳಿಯಿತು. ಅಲ್ಲಿ ವಿದ್ಯೆಯನ್ನು ಕ್ರೆಡಿಟ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕ್ರೆಡಿಟ್ಟಿಗೆ ವಾರಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಸ್ವಂತ ಓದು, ಹೀಗೆ ಸುಮಾರು ಹದಿನೈದು ವಾರ. ಮೂರು ಕ್ರೆಡಿಟ್ಟಿನ ಒಂದು ವಿಷಯಕ್ಕೆ ಒಟ್ಟು ೧೩೫ ಗಂಟೆಗಳಾದುವು. ಇದನ್ನೇ ಎಂಟು ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು ೧೭ ಗಂಟೆ. ಎರಡು ವಿಷಯಗಳಿಗೆ ೩೪ ಗಂಟೆ. ನಮ್ಮ ಮುಕ್ತ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಕ್ರೆಡಿಟ್ಟಿಗೆ ೩೦ ಗಂಟೆಯ ವ್ಯಾಸಂಗವೆಂದು ಲೆಕ್ಕ, ಅಲ್ಲಿ ೪೫. ಈ ಗಂಟೆಯ ಲೆಕ್ಕದ ಮೂಲವನ್ನು ಕೇಳಿ ಮಾತ್ರ ನನಗೆ ನಗು ಬಂದಿತು. ೧೯೦೬ರ ಸುಮಾರಿನಲ್ಲಿ ಕಾರ್ನೆಗೀ ಪ್ರತಿಷ್ಠಾನದವರು ಅಮೆರಿಕೆಯ ಕಾಲೇಜು ಅಧ್ಯಾಪಕರಿಗೆ ಪಿಂಚಣಿ ಕೊಡಲು ಹೊರಟರು. ಆ ಪಿಂಚಣಿ ಬೇಕಾದ ಕಾಲೇಜುಗಳು, ಪ್ರೌಢಶಾಲೆಯಲ್ಲಿ ಇಂತಿಷ್ಟು ಗಂಟೆ ಓದಿದವರನ್ನೇ ಸೇರಿಸಿಕೊಳ್ಳಬೇಕೆಂದು ಕಟ್ಟುಮಾಡಿದರು. ಅಲ್ಲಿಂದ ಗಂಟೆಯ ಮಾನವು ಎಲ್ಲ ಕಡೆಗೂ ಹಬ್ಬಿತು. ಮೇಷ್ಟರ ಪಿಂಚಣಿಯಿಂದ ಹುಟ್ಟಿದ ಗಂಟೆಯು ಪಿಂಚಣಿ ಪಡೆಯುವ ಮೇಷ್ಟರೊಬ್ಬನ ಸೊಸೆಯನ್ನು ಹೀಗೆ ಕಾಡಿತಲ್ಲ!

ಮರುದಿನ ರಾತ್ರಿ ಊಟವಾದ ಮೇಲೆ ಕಾಗದ ಪೆನ್ಸಿಲುಗಳನ್ನು ತರಿಸಿದೆ. ಗಣಿತದಲ್ಲಿ ನಾನು ಪಂಡಿತನಲ್ಲ. ಆದರೂ ವಾರಕ್ಕೆ ೧೬೮ ಗಂಟೆಗಳೆಂಬುದು ತಿಳಿದಿತ್ತು. ಸೊಸೆಯನ್ನು ಕೇಳಿ ಕೇಳಿ ಬರೆದೆ. ನಿದ್ರೆ ೪೯. ಶಾಲೆಯ ಕೆಲಸ, ಹೋಗಿ ಬರುವುದು ಸೇರಿ ೪೦. ಅಡಿಗೆ ಮತ್ತು ಪಾತ್ರೆ ೨೪. ಮಗುವಿನ ಸ್ನಾನ, ಊಟ, ಆಟ, ಮಲಗಿಸುವುದು ೨೧. ಬಟ್ಟೆ, ಕಸ, ಅಂಗಡಿ ೮. ಮೊತ್ತ ೧೪೨. ಉಳಿದದ್ದು ೨೬ ಗಂಟೆ. ಬೇಕಾದದ್ದು ೩೪. "ಎಂಟು ಗಂಟೆ ಕಡಮೆ ಬೀಳುತ್ತದೆ" ಎಂದೆ.

ನನ್ನ ಹೆಂಡತಿ ಅಲ್ಲಿಯವರೆಗೆ ಹೂಬತ್ತಿಯನ್ನು ಹೊಸೆಯುತ್ತ ಸುಮ್ಮನಿದ್ದಳು. "ನಮ್ಮನ್ನು ಬರೆಯಲೇ ಇಲ್ಲವಲ್ಲ" ಎಂದಳು.

"ನಮ್ಮದೇನು?"

"ನಿಮ್ಮ ಎರಡು ಹೊತ್ತಿನ ಕಾಫಿ, ನನ್ನ ಮಡಿ ಅಡಿಗೆಗೆ ಅವಳು ಒದಗಿಸಿಕೊಡುವುದು, ಊರು ತೋರಿಸುವುದು, ನಾವು ಬಂದಿದ್ದೇವೆಂದು ಬರುವವರು, ಅವರಿಗೆ ತಿಂಡಿ. ವಾರಕ್ಕೆ ಹತ್ತು ಗಂಟೆಯಾದರೂ ಬರೆಯಿರಿ."

ಸೊಸೆಯು "ಹಾಗೆಲ್ಲ ಅನ್ನಬೇಡಿ ಅತ್ತೆ" ಎಂದಳು. ನಾನು ಬರೆದೆ. ಉಳಿದದ್ದು ೧೬. ಎರಡು ವಿಷಯವಿರಲಿ, ಒಂದಕ್ಕೂ ಸಾಲದು. ಅದೂ ಒಟ್ಟಾಗಿ ಸಿಕ್ಕುವ ಗಂಟೆಗಳಲ್ಲ. ಅನ್ನ ಬೇಯುವ ಹೊತ್ತಿನ ಹತ್ತು ನಿಮಿಷ, ಮಗು ನಿದ್ರಿಸಿದ ಮೇಲಿನ ಅರ್ಧ ಗಂಟೆ. ಅಂಥ ಚೂರುಗಳಲ್ಲಿ ಬಾಗಿಲು ತೆರೆದು ನೋಡಬಹುದು, ಒಳಗೆ ಹೋಗಿ ಕುಳಿತು ಮಾತನಾಡಲಾಗುವುದಿಲ್ಲ. ಹನ್ನೊಂದು ಸಲ ಪ್ರವೇಶಿಸಿಯೂ ಒಂದು ಸಾಲನ್ನೂ ಬರೆಯದಿದ್ದುದರ ಅರ್ಥ ಆಗ ನನಗಾಯಿತು. ಎರಡನೆಯ ವಿಷಯವನ್ನು ಬಿಡುವುದೆಂದು ತೀರ್ಮಾನವಾಯಿತು. ಅದಕ್ಕಾಗಿ ಕಟ್ಟಿದ್ದ ಹಣದಲ್ಲಿ ಒಂದು ಕಾಸೂ ಹಿಂದಿರುಗಲಿಲ್ಲ. ಮಗನು ಪಾತ್ರೆಯನ್ನೂ ಅಂಗಡಿಯನ್ನೂ ವಹಿಸಿಕೊಂಡ. ನನ್ನ ಹೆಂಡತಿ ರಾತ್ರಿಯ ಅಡಿಗೆಯನ್ನು ವಹಿಸಿಕೊಂಡಳು. ಸಂಜೆ ಮೊಮ್ಮಗನನ್ನು ಉದ್ಯಾನಕ್ಕೆ ಕರೆದೊಯ್ದು, ಬಂದ ಮೇಲೆ ಉಣಿಸಿ ಮಲಗಿಸುವುದು ನನ್ನ ಪಾಲಿಗೆ ಬಂದಿತು. ಅರುವತ್ತನೆಯ ವಯಸ್ಸಿನಲ್ಲಿ ಕಾಫಿ ಬೆರಸಿಕೊಳ್ಳುವುದನ್ನೂ ಕಲಿತೆ.

ಆ ವಾರವೇ ನನ್ನಿಂದ ಇನ್ನೊಂದು ತಪ್ಪು ನಡೆಯುವುದರಲ್ಲಿತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಬುಧವಾರ ರಾತ್ರಿ ಹತ್ತು ಗಂಟೆ. ಪ್ರಶ್ನೆ ಹೀಗಿತ್ತು: ತರಗತಿಯಲ್ಲಿ ಬಾಯಿಬಿಡದ ಮಗುವಿನ ಕಲಿಕೆಯನ್ನು ಅಳೆಯುವ ಬಗೆ ಹೇಗೆ? ಸೊಸೆಯ ಕಣ್ಣು ಎಳೆಯುತ್ತಿದ್ದುವು. ನನಗೆ ಕನಿಕರವಾಯಿತು, ಸ್ವಲ್ಪ ಉತ್ಸಾಹವೂ ಬಂದಿತು. ಈ ವಿಷಯದಲ್ಲಿ ನನಗಿಂತ ಬಲ್ಲವರು ಯಾರು? "ನಾನು ಹೇಳುತ್ತೇನೆ, ನೀನು ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಮ್ಮ" ಎಂದೆ. ನಕಲು ಮಾಡಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನ ಮಾತು ಇದು!

ಸೊಸೆಯು ನಕ್ಕು, "ಬೇಡ ಮಾವ. ಅದು ನಿಮ್ಮ ಹಾಜರಿಯಾಗುತ್ತದೆ, ನನ್ನದಲ್ಲ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಬೇಕಾದರೆ ನೀವು ಕೇಳಿ, ನಾನು ಹೇಳುತ್ತೇನೆ" ಎಂದಳು. ನಾನು ಕೇಳುತ್ತ ಹೋದೆ. ಅವಳು ತನ್ನ ಶಾಲೆಯಲ್ಲಿದ್ದ ಒಂದು ಮಗುವಿನ ಸಂಗತಿಯನ್ನು ಹೇಳಿದಳು. ಮನೆಯಲ್ಲಿ ಬೇರೆ ಭಾಷೆ. ತರಗತಿಯಲ್ಲಿ ಎರಡು ತಿಂಗಳಿಂದ ಮೌನ. ಆದರೆ ಕೇಳಿದ ಕಥೆಯನ್ನು ಒಂದೂ ಬಿಡದೆ ಚಿತ್ರವಾಗಿ ಬರೆಯುತ್ತದೆ. ಅದನ್ನೇ ಬರೆದು ಹನ್ನೊಂದೂ ಮುಕ್ಕಾಲಿಗೆ ಹಾಕಿದಳು.

ಮುಂದೆ ನಡೆದದ್ದು ನನಗೆ ಹೊಸದಾಗಿ ತೋರಿತು. ಬೇರೊಂದು ಊರಿನಲ್ಲಿ ಉಪಾಧ್ಯಾಯಿನಿಯಾಗಿದ್ದ ಸಹಪಾಠಿಯೊಬ್ಬಳು, "ಮೌನಕ್ಕೆ ಭಾಷೆಯೇ ಕಾರಣವೆಂದು ಹೇಗೆ ಗೊತ್ತು? ಆ ಮಗುವಿನ ಕಿವಿಯನ್ನು ಪರೀಕ್ಷಿಸಿದ್ದಾರೆಯೆ?" ಎಂದು ಕೇಳಿದ್ದಳು. ಸೊಸೆಯು ಮರುದಿನ ಶಾಲೆಯಲ್ಲಿ ವಿಚಾರಿಸಿದಳು, ಯಾರೂ ಪರೀಕ್ಷಿಸಿರಲಿಲ್ಲ. ಪರೀಕ್ಷೆ ಮಾಡಿಸಿದರು. ಕಿವಿ ಚೆನ್ನಾಗಿಯೇ ಇದ್ದಿತು. ಆದರೂ ಆ ಪ್ರಶ್ನೆಯನ್ನು ಕೇಳಬೇಕಾಗಿತ್ತೆಂದು ಎಲ್ಲರಿಗೂ ಅನ್ನಿಸಿತು. ತರಗತಿಯ ಉಪಾಧ್ಯಾಯಿನಿಯೂ ಮೂರು ಸಾಲು ಬರೆದು, ಚಿತ್ರವನ್ನು ನೋಡಿ ಕಲಿಕೆಯನ್ನು ಅಳೆಯುವಾಗ ಆಗಬಹುದಾದ ತಪ್ಪೊಂದನ್ನು ತೋರಿಸಿದಳು. ಒಬ್ಬರನ್ನೊಬ್ಬರು ಕಂಡಿಲ್ಲದ ಮೂವರು, ಮೂರು ಊರುಗಳಲ್ಲಿ ಕುಳಿತು, ಒಂದು ಮಗುವಿನ ಹಿತವನ್ನು ಕುರಿತು ಯೋಚಿಸಿದ್ದರು. ವಿದ್ಯೆಯಲ್ಲಿ ಕಾಲು ಭಾಗ ಗುರುವಿನಿಂದ, ಕಾಲು ಭಾಗ ಸ್ವಬುದ್ಧಿಯಿಂದ, ಕಾಲು ಭಾಗ ಸಹಪಾಠಿಗಳಿಂದ, ಉಳಿದ ಕಾಲು ಭಾಗ ಕಾಲಕ್ರಮದಿಂದ ಬರುವುದೆಂದು ನಮ್ಮ ಪ್ರಾಚೀನರು ಹೇಳಿದ್ದಾರೆ. ಅದನ್ನು ಎಷ್ಟೋ ಸಲ ತರಗತಿಯಲ್ಲಿ ವಿವರಿಸಿದ್ದೆ. ಸಹಪಾಠಿಗಳ ಪಾಲನ್ನು ಕಣ್ಣಾರೆ ಕಂಡದ್ದು ಅಂದು.

ಹಾಗೆಂದು ಈ ವೇಗದ ವಿದ್ಯೆಯಲ್ಲಿ ದೋಷವಿಲ್ಲವೆಂದು ನಾನು ಹೇಳಲಾರೆ. ನಾಲ್ಕನೆಯ ಪಾಲಾದ ಕಾಲಕ್ಕೆ ಅಲ್ಲಿ ಎಡೆಯೇ ಇಲ್ಲ. ಬುಧವಾರ ತಿಳಿದದ್ದು ಭಾನುವಾರಕ್ಕೆ ಹಳೆಯದು. ಸೋಮವಾರ ಬೇರೆ ಪಾಠ. ಓದಿದ್ದನ್ನು ಮನಸ್ಸಿನಲ್ಲಿಟ್ಟು ಹಣ್ಣಾಗಿಸುವ ವಿರಾಮ ಸಿಕ್ಕುವುದಿಲ್ಲ. ನಮ್ಮ ಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿಗಳಲ್ಲಿ ಅನಧ್ಯಯನವಿರುತ್ತಿತ್ತು. ಎಂಟು ವಾರದ ಓದಿಗೆ ಅಂಥ ದಿನವೊಂದೂ ಇಲ್ಲ. ಇನ್ನು ಪ್ರತ್ಯುತ್ತರಗಳ ವಿಚಾರ. ಎರಡು ಬರೆಯಬೇಕೆಂದು ಕಟ್ಟುಮಾಡಿದರೆ ಕೆಲವರು ಎರಡನ್ನು ಎಣಿಸಿ ಬರೆಯುತ್ತಾರೆ. "ನಿಮ್ಮ ಅಭಿಪ್ರಾಯ ಬಹಳ ಚೆನ್ನಾಗಿದೆ, ನಾನೂ ಒಪ್ಪುತ್ತೇನೆ" ಎಂದು ಒಬ್ಬರು. ಅದನ್ನೇ ನೀಳವಾಗಿ ಇನ್ನೊಬ್ಬರು. ಯಂತ್ರವೇ ಪ್ರಬಂಧವನ್ನು ಬರೆದುಕೊಡುವ ಕಾಲವಿದು. ನುಣುಪಾಗಿ, ತಪ್ಪಿಲ್ಲದೆ, ಒಂದರಂತೆ ಒಂದಿದ್ದ ಕೆಲವು ಬರಹಗಳನ್ನು ಸೊಸೆಯು ತೋರಿಸಿದಳು. ಅವನ್ನು ಮನುಷ್ಯರು ಬರೆದರೋ ಯಂತ್ರವೋ ಎಂದು ಖಂಡಿತವಾಗಿ ಹೇಳುವಂತಿರಲಿಲ್ಲ. ಆದರೆ ಅವುಗಳಲ್ಲಿ ಒಂದು ಮಗುವಿನ ಮುಖವೂ ಕಾಣಲಿಲ್ಲ. ಹಿಂದಿನ ಬೆಂಚಿನಿಂದ ಗೆಳೆಯನಿಗಾಗಿ "ಬಂದಿದ್ದೇನೆ ಸಾರ್" ಎಂದು ಕೂಗುತ್ತಿದ್ದ ಹುಡುಗರ ನೆನಪಾಯಿತು.

ಅಕ್ಟೋಬರಿನಲ್ಲಿ ನವರಾತ್ರಿ ಬಂದಿತು. ಅವಳಿಗೆ ಅದು ಏಳನೆಯ ವಾರ. ಸರಸ್ವತಿಯ ಪೂಜೆಗೆ ಪುಸ್ತಕಗಳನ್ನಿಟ್ಟರೆ ವಿಸರ್ಜನೆಯಾಗುವ ತನಕ ಓದಬಾರದೆಂಬುದು ನಮ್ಮ ಮನೆಯ ಸಂಪ್ರದಾಯ. ಕೊನೆಯ ಪ್ರಬಂಧಕ್ಕೆ ಅದೇ ವಾರ ಗಡುವು. ನಾನು ಏನು ಹೇಳುವುದೆಂದು ತಿಳಿಯದೆ ಇದ್ದೆ. ನನ್ನ ಹೆಂಡತಿ ನಾನು ಊರಿನಿಂದ ಒಯ್ದಿದ್ದ ಅಮರಕೋಶವನ್ನೂ ಮೊಮ್ಮಗನ ಬಣ್ಣದ ಪುಸ್ತಕವನ್ನೂ ಮಣೆಯ ಮೇಲಿಟ್ಟಳು. ಸೊಸೆಯು ಲ್ಯಾಪ್‌ಟಾಪನ್ನು ಹಿಡಿದು ಸಂಕೋಚದಿಂದ ನಿಂತಿದ್ದಳು. "ಅದು ಪುಸ್ತಕವಲ್ಲಮ್ಮಾ, ಪೆಟ್ಟಿಗೆ. ಒಂದಿಷ್ಟು ಅರಿಸಿನ ಕುಂಕುಮ ಹಚ್ಚಿಸಿಕೊಂಡು ಹೋಗಿ ಬರಿ" ಎಂದಳು. ಶಾಸ್ತ್ರವನ್ನು ಓದಿದ ನಾನು ಈ ನಿರ್ಣಯಕ್ಕೆ ಆಧಾರವನ್ನು ಹುಡುಕಹೋಗಲಿಲ್ಲ.

ಎಂಟನೆಯ ವಾರ ಮುಗಿದಾಗ ಅವಳಿಗೆ ಬಂದದ್ದು ಎರಡನೆಯ ದರ್ಜೆ. ಹಬ್ಬದ ವಾರದಲ್ಲಿ ಹೋದ ಅಂಕಗಳು ಹಿಂದಿರುಗಲಿಲ್ಲ. ಉಪಾಧ್ಯಾಯಿನಿಯು ಮರುಕದಿಂದ ಬರೆದಳೇ ಹೊರತು ನಿಯಮವನ್ನು ಸಡಿಲಿಸಲಿಲ್ಲ. ಸೊಸೆಗೆ ಅದರಿಂದ ಬೇಸರವಾಯಿತು. ಈಗಲೂ ಇದೆಯೆಂದು ಬಲ್ಲೆ. ಆಮೇಲೆ ಅವಳು ಒಂದು ಸಲಕ್ಕೆ ಒಂದೇ ವಿಷಯವನ್ನು ತೆಗೆದುಕೊಳ್ಳುತ್ತಾಳೆ. ಬೇಗ ಮುಗಿಯಲೆಂದು ಹಿಡಿದ ದಾರಿಯಲ್ಲಿ ನಿಧಾನವಾಗಿ ನಡೆಯುತ್ತಿದ್ದಾಳೆ. ನಾವು ಹಿಂದಿರುಗಿದ ಮೇಲೆ ಸಂಜೆಯ ಹೊತ್ತು ಮಗುವನ್ನು ನೋಡಿಕೊಳ್ಳುವ ಕೆಲಸ ಮಗನ ಪಾಲಿಗೆ ಬಿದ್ದಿದೆ.

ಈಗ ನಮ್ಮ ನಾಡಿನಲ್ಲಿಯೂ ಇಂಥ ವಿದ್ಯೆ ಬಂದಿದೆ. ೨೦೧೭ರಲ್ಲಿ ಆರಂಭವಾದ ಸ್ವಯಂ ಎಂಬ ಸರ್ಕಾರದ ವ್ಯವಸ್ಥೆಯಲ್ಲಿ ಎಂಟು ವಾರದ, ಹನ್ನೆರಡು ವಾರದ ಪಾಠಗಳು ನಡೆಯುತ್ತಿವೆ. ವಾರವಾರಕ್ಕೂ ಕೆಲಸವನ್ನು ಒಪ್ಪಿಸಬೇಕಾದುವು ಅವುಗಳಲ್ಲಿ ಹಲವು. ಮನೆಯಿಂದಲೇ ಪದವಿಯವರೆಗೆ ಓದಲು ವಿಶ್ವವಿದ್ಯಾನಿಲಯಗಳು ಅವಕಾಶ ಕೊಟ್ಟಿವೆ. ನಮ್ಮ ಮನೆಗಳ ಹೆಣ್ಣುಮಕ್ಕಳು, ಸೊಸೆಯಂದಿರು, ಕೆಲಸದಲ್ಲಿರುವ ಗಂಡುಮಕ್ಕಳು ಸೇರುತ್ತಿದ್ದಾರೆ, ಸೇರಲಿ. ಶುಲ್ಕವೆಷ್ಟು, ಪದವಿಗೆ ಬೆಲೆಯುಂಟೆ ಎಂದು ನಾವು ಹಿರಿಯರು ತಪ್ಪದೆ ಕೇಳುತ್ತೇವೆ. ವಾರಕ್ಕೆ ಎಷ್ಟು ಗಂಟೆ ಬೇಕು, ಆ ಗಂಟೆಗಳು ಯಾರ ಕೆಲಸದಿಂದ ಬರಬೇಕು ಎಂದೂ ಸೇರುವ ಮೊದಲೇ ಕೇಳಿದರೆ ಒಳ್ಳೆಯದು. ವಿದ್ಯಾರ್ಥಿಯು ತೊಡಗಿರಬೇಕೆಂದು ವಿಶ್ವವಿದ್ಯಾನಿಲಯವು ಬಯಸುವುದು ನ್ಯಾಯವೇ. ಆದರೆ ಅದು ಕೇಳುವ ಗಂಟೆಗಳು ಆ ಒಬ್ಬರ ಕೈಯಲ್ಲಿ ಮಾತ್ರ ಇರುವುದಿಲ್ಲ. ಮನೆಯವರು ಬಿಟ್ಟುಕೊಡದಿದ್ದರೆ, ಓದುವವರು ನಿದ್ರೆಯಿಂದ ಕದಿಯಬೇಕು. ಅಥವಾ ನನ್ನ ಸೊಸೆಯಂತೆ ಹನ್ನೊಂದು ಸಲ ಬಾಗಿಲವರೆಗೆ ಹೋಗಿ ಹಿಂದಿರುಗಬೇಕು.

ಒಬ್ಬ ಹುಡುಗನ ಮಾತನ್ನು ಹೇಳಿ ಮುಗಿಸುತ್ತೇನೆ. ಬಹಳ ವರ್ಷಗಳ ಹಿಂದೆ ಮೂರು ಮೈಲಿ ದೂರದ ಹಳ್ಳಿಯಿಂದ ನಡೆದು ಶಾಲೆಗೆ ಬರುತ್ತಿದ್ದ. ಒಂದು ವರ್ಷದಲ್ಲಿ ಒಂದು ದಿನವನ್ನೂ ತಪ್ಪಿಸಲಿಲ್ಲ. ಪರೀಕ್ಷೆಯಲ್ಲಿ ನನ್ನ ವಿಷಯದಲ್ಲಿಯೇ ನಪಾಸಾದ. ಅವನ ತಂದೆ ಬಂದು, "ಸ್ವಾಮ್ಯಾರೆ, ನನ್ನ ಮಗ ಒಂದು ದಿನಾನೂ ಬಿಟ್ಟಿಲ್ಲವಲ್ಲ?" ಎಂದು ಕೇಳಿದ. ನಾನು ಹಾಜರಿ ಪುಸ್ತಕವನ್ನು ತೆರೆದು ಸಾಲು ಗೀಟುಗಳನ್ನು ತೋರಿಸಿ, "ನಿಜ, ಬಿಟ್ಟಿಲ್ಲ" ಎಂದೆ. ಬೇರೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಆ ವರ್ಷವೆಲ್ಲ ಅವನನ್ನು ಹೆಸರು ಹಿಡಿದು ಒಂದು ಪ್ರಶ್ನೆಯನ್ನಾದರೂ ಕೇಳಿದ್ದೆನೆ ಎಂದು ಟೆಕ್ಸಸ್ಸಿನ ಆ ಮನೆಯಲ್ಲಿ ಎಷ್ಟೋ ರಾತ್ರಿ ನೆನಪು ಮಾಡಿಕೊಂಡೆ. ನೆನಪಿಗೆ ಬರಲಿಲ್ಲ.

ಅವರ ಬೇಸಗೆಯ ಗಡಿಯಾರದಲ್ಲಿ ಭಾನುವಾರ ರಾತ್ರಿ ಹನ್ನೆರಡಾಗುವಾಗ ನಮಗೆ ಸೋಮವಾರ ಬೆಳಗ್ಗೆ ಹತ್ತೂವರೆ. ನಮ್ಮ ಬೀದಿಯ ಶಾಲೆಯಲ್ಲಿ ಹೆಸರು ಕೂಗಿ ಮುಗಿಯುವ ಹೊತ್ತು. ಆ ಹೊತ್ತಿಗೆ ಮುಂಚೆ ನಾನು ಈಗ ಸೊಸೆಗೆ ಫೋನು ಮಾಡುವುದಿಲ್ಲ.